ಜಾಕ್ ಮೇಲಿನ ಗಾಡಿ, ನೆಲದ ಮೇಲಿನ ಗಾಡಿ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾನೊಂದು ಸಂಖ್ಯೆ ತಿದ್ದಿದೆ. 28.1 ಇದ್ದದ್ದನ್ನು 30.2 ಮಾಡಿದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೀ ಒತ್ತಿದರೆ ಮುಗಿಯುವ ಕೆಲಸ. ಆಗ ರಾತ್ರಿ ಎರಡೂವರೆ. ಬೆಳಿಗ್ಗೆ ಆರಕ್ಕೆ ರೈಲು, ಸ್ಪರ್ಧೆಗೆ ಒಯ್ಯಬೇಕಾದ ಪ್ರಸೆಂಟೇಷನ್‌ನಲ್ಲಿ ಇನ್ನೂ ಹನ್ನೊಂದು ಸ್ಲೈಡ್ ಬಾಕಿ. ಹಾಗಂತ ಅದನ್ನೆಲ್ಲ ನೆಪ ಮಾಡಿಕೊಳ್ಳುವುದಿಲ್ಲ. ತಿದ್ದಿದ್ದು ನಾನೇ.

ಇಂಥದ್ದೊಂದು ಸ್ಪರ್ಧೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಒಂಟಿ ಸೀಟಿನ ಪುಟ್ಟ ರೇಸ್ ಕಾರನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ತಾವೇ ವೆಲ್ಡ್ ಮಾಡಿ, ತಾವೇ ಓಡಿಸಬೇಕು. ಓಟದ ಜತೆಗೆ ಡಿಸೈನ್ ಪರೀಕ್ಷೆಯೂ ಇರುತ್ತದೆ. ಕಾರು ಕಂಪನಿಗಳಲ್ಲಿ ಕೆಲಸ ಮಾಡಿ ಪಳಗಿದವರು ಬಂದು ನಿಮ್ಮ ಕಾರಿನ ಮುಂದೆ ನಿಂತು, ‘ಇದು ಯಾಕೆ ಹೀಗೆ? ಆ ಬೋಲ್ಟ್ ಯಾಕೆ ಅಷ್ಟೇ ದಪ್ಪ?’ ಎಂದು ಕೆದಕಿ ಕೇಳುತ್ತಾರೆ. ನಮ್ಮ ತಂಡದಲ್ಲಿ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ನನ್ನ ಪಾಲಿಗೆ ಬಂದಿತ್ತು.

ಸ್ಟೀರಿಂಗ್ ಅಂದರೆ ಏನು ಮಹಾ, ಚಕ್ರ ತಿರುಗಿಸಿದರೆ ಗಾಲಿ ತಿರುಗುತ್ತದೆ ಅಂದುಕೊಂಡಿದ್ದೆ. ತಿರುವಿನಲ್ಲಿ ಒಳಗಿನ ಗಾಲಿ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಓಡಬೇಕಲ್ಲ, ಹಾಗಾಗಿ ಎರಡೂ ಒಂದೇ ಕೋನಕ್ಕೆ ತಿರುಗಿದರೆ ಟೈರು ನೆಲವನ್ನು ಉಜ್ಜುತ್ತದೆ. ನಮ್ಮೂರ ತೇರಿಗೆ ಈ ತಲೆನೋವಿಲ್ಲ. ಅದರ ಗಾಲಿ ತಿರುಗುವುದೇ ಇಲ್ಲ, ಮರದ ತುಂಡು ಅಡ್ಡ ಕೊಟ್ಟು ಎಳೆದೆಳೆದು ಹೊರಳಿಸುತ್ತಾರೆ. ಕುದುರೆ ಸಾರೋಟು ಮಾಡುವವರಿಗೆ ಮಾತ್ರ ಇದು ದೊಡ್ಡ ಸಮಸ್ಯೆಯಾಗಿತ್ತು. ಮ್ಯೂನಿಕ್ಕಿನ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್‌ಸ್ಪೆರ್ಗರ್ ಎರಡು ಗಾಲಿಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸುವ ಜೋಡಣೆ ಮಾಡಿದ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅದು ಆಕರ್‌ಮನ್ ಸ್ಟೀರಿಂಗ್. ಕಷ್ಟಪಟ್ಟವನ ಹೆಸರು ಪರೀಕ್ಷೆಗೂ ಬರುವುದಿಲ್ಲ!

ನಮ್ಮ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ 1550 ಮಿ.ಮೀ. ನಿಯಮದ ಪ್ರಕಾರ 1525ಕ್ಕಿಂತ ಕಡಿಮೆ ಇರುವಂತಿಲ್ಲ. ಅದೇ ನಿಯಮಪುಸ್ತಕದಲ್ಲಿ ಟ್ರ್ಯಾಕ್‌ನ ಹೇರ್‌ಪಿನ್ ತಿರುವುಗಳ ಹೊರ ಅಂಚಿನ ವ್ಯಾಸ ಕನಿಷ್ಠ 9 ಮೀಟರ್ ಎಂದಿದೆ. ಅಂದರೆ ತೀರಾ ಬಿಗಿಯಾದ ತಿರುವಿನಲ್ಲಿ ನಮಗೆ ಸಿಗುವುದು 4.5 ಮೀಟರ್ ತ್ರಿಜ್ಯ. ಅದಕ್ಕಿಂತ ಹೊರಗೆ ಹೋದರೆ ರಬ್ಬರ್ ಕೋನ್ ಬೀಳುತ್ತದೆ, ಬಿದ್ದ ಒಂದೊಂದು ಕೋನಿಗೂ 2 ಸೆಕೆಂಡ್ ದಂಡ. ಸ್ಟೀರಿಂಗ್ ಚಕ್ರವನ್ನು ಕೊನೆತನಕ, ಅಂದರೆ 110 ಡಿಗ್ರಿ ತಿರುಗಿಸಿದಾಗ ಒಳಗಿನ ಗಾಲಿ 30 ಡಿಗ್ರಿಯಾದರೂ ತಿರುಗಬೇಕು ಎಂದು ನಾವು ಗುರಿ ಇಟ್ಟುಕೊಂಡಿದ್ದು ಇದಕ್ಕೇ.

ಲೋಹ ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು. ಆಡಮ್ಸ್ ಕಾರ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಎರಡು ರೀತಿ ಮಾಡಬಹುದು. ಒಂದು, ಬರೀ ಸಸ್ಪೆನ್ಷನ್ನಿನ ಸಿಮ್ಯುಲೇಷನ್. ಇದರಲ್ಲಿ ಕಾರಿನ ಚಾಸಿಯನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಕಟ್ಟಿಹಾಕಿರುತ್ತೇವೆ. ಮುಂದಿನ ಎರಡು ಗಾಲಿಗಳ ಕೆಳಗೆ ಒಂದೊಂದು ಹಲಗೆ. ಹಲಗೆ ಮೇಲೆ ಕೆಳಗೆ ಆಡುತ್ತದೆ, ನಾವು ಸ್ಟೀರಿಂಗ್ ತಿರುಗಿಸುತ್ತೇವೆ, ಗಾಲಿ ಎಷ್ಟು ತಿರುಗಿತು, ಎಷ್ಟು ವಾಲಿತು ಎಂದು ಗ್ರಾಫ್ ಬರುತ್ತದೆ. ಎರಡನೆಯದು ಇಡೀ ವಾಹನದ ಸಿಮ್ಯುಲೇಷನ್. ನಾಲ್ಕು ಟೈರು, ಎಂಜಿನ್ನಿನ ತೂಕ, ಚಾಲಕನ ತೂಕ, ರಸ್ತೆ ಎಲ್ಲ ಇರುತ್ತದೆ. ಕಾರು ಮೊದಲು ತನ್ನ ಭಾರಕ್ಕೆ ತಾನು ಕುಗ್ಗಿ ಕೂರುತ್ತದೆ, ಆಮೇಲೆ ಓಡುತ್ತದೆ. ಟೈರು ನೆಲದ ಮೇಲೆ ಎಷ್ಟು ಬಲ ಹಾಕುತ್ತದೆ ಎಂಬ ಲೆಕ್ಕಕ್ಕೆ ಡಚ್ ಪ್ರೊಫೆಸರ್ ಹಾನ್ಸ್ ಪಚೇಕಾ ಅವರ ಸೂತ್ರ ಬಳಸುತ್ತಾರೆ. ಅದರ ಹೆಸರು ಮ್ಯಾಜಿಕ್ ಫಾರ್ಮುಲಾ. ತಮಾಷೆಯಲ್ಲ, ಪುಸ್ತಕಗಳಲ್ಲೂ ಹಾಗೇ ಇದೆ.

ಸಸ್ಪೆನ್ಷನ್ ಸಿಮ್ಯುಲೇಷನ್‌ನಲ್ಲಿ 110 ಡಿಗ್ರಿಗೆ ಒಳಗಿನ ಗಾಲಿ 30.2 ಡಿಗ್ರಿ ತಿರುಗಿತು. ನಾನು ಖುಷಿಯಲ್ಲಿ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಬೋಂಡಾ ಕೊಡಿಸಿದೆ. ಟೈ ರಾಡ್, ಸ್ಟೀರಿಂಗ್ ಆರ್ಮ್ ಎಲ್ಲ ಆ ಅಳತೆಗೇ ಸಿದ್ಧವಾದವು. ಎರಡು ತಿಂಗಳಾದ ಮೇಲೆ ಇಡೀ ಕಾರಿನ ಮಾದರಿ ತಯಾರಾಯಿತು. ಹೇರ್‌ಪಿನ್ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಡಿಸಿದೆ. ಅದೇ ಸ್ಟೀರಿಂಗ್, ಅದೇ 110 ಡಿಗ್ರಿ. ಗಾಲಿ ತಿರುಗಿದ್ದು 28.1.

ಮೂರು ಸಲ ಓಡಿಸಿದೆ. ಮೂರು ಸಲವೂ 28.1. ಎಡ ಬಲ ಅದಲುಬದಲಾಗಿದೆಯಾ ನೋಡಿದೆ, ಇರಲಿಲ್ಲ. ಆರಂಭದಲ್ಲೇ ಕೊಟ್ಟಿದ್ದ ಟೋ ಕೋನ ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆಯುತ್ತದೆ, ಅದರಿಂದ ಹೀಗಾಯಿತಾ ನೋಡಿದೆ. ಅದೂ ಅಲ್ಲ.

ಎರಡು ಡಿಗ್ರಿ ತಾನೇ ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಲೆಕ್ಕ ಹಾಕಿದ ಮೇಲೆ ನಿದ್ದೆ ಬರಲಿಲ್ಲ. ಟೈರು ಜಾರುವುದನ್ನು ಬದಿಗಿಟ್ಟು ಬರೀ ರೇಖಾಗಣಿತದಲ್ಲಿ ನೋಡಿದರೂ, ಒಳಗಿನ ಗಾಲಿ 30.2 ತಿರುಗಿದಾಗ ಹೊರಗಿನ ಮುಂಗಾಲಿ ಸುಮಾರು 4.12 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. 28.1 ಆದರೆ 4.34 ಮೀಟರ್. ಟೈರಿನ ಅರ್ಧ ಅಗಲ ಸೇರಿಸಿದರೆ ಕೋನಿಗೂ ನಮಗೂ ನಡುವೆ 29 ಸೆಂ.ಮೀ. ಇದ್ದ ಜಾಗ 7 ಸೆಂ.ಮೀ.ಗೆ ಇಳಿಯಿತು. ನಮ್ಮ ಚಾಲಕ ಒಳ್ಳೆಯವನೇ, ಆದರೆ 7 ಸೆಂ.ಮೀ. ಅಂದರೆ ಒಂದು ಮೊಬೈಲ್ ಫೋನಿನ ಅಗಲ.

ತಂಡದ ನಾಯಕ ನಾಲ್ಕನೇ ವರ್ಷದವರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರಿಗೆ ತೋರಿಸಿದೆ.

‘ಯಾವುದೋ ಒಂದು ತಪ್ಪಿರುತ್ತೆ ಕಣೋ. ಯಾವುದು ಅಂತ ನೋಡು.’

‘ನೋಡ್ದೆ ಅಣ್ಣ. ಎರಡೂ ಸರಿಯಾಗೇ ಓಡ್ತಿದೆ.’

‘ಎರಡೂ ಸರಿ ಹೆಂಗಾಗುತ್ತೆ? ಒಂದೇ ಕಾರು, ಒಂದೇ ಸ್ಟೀರಿಂಗು.’

ಗೈಡ್ ಸರ್ ಹತ್ತಿರ ಹೋದರೂ ಅದೇ ಮಾತು. ಸ್ಪರ್ಧೆಗೆ ಉಳಿದದ್ದು ಒಂಬತ್ತು ದಿನ. ಸೈಲೆನ್ಸರ್ ಇನ್ನೂ ಬಂದಿರಲಿಲ್ಲ, ಬ್ರೇಕ್ ಒಂದು ಕಡೆ ಹಿಡಿಯುತ್ತಿತ್ತು. ನನ್ನ ಎರಡು ಡಿಗ್ರಿಗೆ ಯಾರಿಗೂ ಪುರಸೊತ್ತಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ಅಣ್ಣ ಸ್ಲೈಡ್ ನೋಡಿ, ‘ಎರಡು ಬೇರೆ ಬೇರೆ ನಂಬರ್ ತೋರಿಸಿದ್ರೆ ನಾವೇ ಕೈಯಾರೆ ಪ್ರಶ್ನೆ ಕೊಟ್ಟಂಗಾಗುತ್ತೆ. ಎರಡೂ ಕಡೆ ಮೂವತ್ತು ಅಂತ ಹಾಕು, ಯಾರು ಸಾಫ್ಟ್‌ವೇರ್ ತೆಗೆದು ನೋಡ್ತಾರೆ?’ ಅಂದರು. ನಾನು ಹಾಕಿದೆ. ಇನ್ನೂ ನಂಬುವ ಹಾಗಿರಲಿ ಅಂತ 30 ಅನ್ನದೆ 30.2 ಎಂದೇ ಹಾಕಿದೆ. ಆ ಜಾಣತನ ನನ್ನ ಸ್ವಂತದ್ದು.

ಡಿಸೈನ್ ಪರೀಕ್ಷೆಗೆ ಬಂದ ತೀರ್ಪುಗಾರರು ನರೆತ ಕೂದಲಿನ, ಮೆಲುದನಿಯ ವ್ಯಕ್ತಿ. ಸಸ್ಪೆನ್ಷನ್ ಸ್ಲೈಡ್ ಬಂದಾಗ ಕನ್ನಡಕ ಏರಿಸಿ ನೋಡಿದರು. ‘ಎರಡರಲ್ಲೂ 30.2. ಹಾಗಾದರೆ ನಿಮ್ಮ ಕಾರಿನಲ್ಲಿ ಯಾವ ಭಾಗವೂ ಬಾಗುವುದಿಲ್ಲ, ತಿರುಚುವುದಿಲ್ಲ, ಕಾರು ವಾಲುವುದೂ ಇಲ್ಲ?’ ಅಂದರು. ನಾನು ಏನೋ ತೊದಲಿದೆ. ‘ಗ್ರಾಫ್ ಇದ್ದರೆ ತೆಗೆಯಿರಿ’ ಅಂದರು. ತೆಗೆಯಬೇಕಾಯಿತು. ಪರದೆ ಮೇಲೆ 28.1.

ಅವರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಳೆಯಲ್ಲಿ ಏನೋ ಬರೆದುಕೊಂಡು, ‘ಈ ವ್ಯತ್ಯಾಸ ತೋರಿಸಿದ್ದರೆ ಅದರ ಬಗ್ಗೆಯೇ ಹತ್ತು ನಿಮಿಷ ಮಾತಾಡಬಹುದಿತ್ತು’ ಎಂದು ಮುಂದಿನ ಕಾರಿಗೆ ಹೋದರು. ಹೊಂದಿಕೆಯಾಗದ ಸಂಖ್ಯೆ ಕಂಡು ಅನುಮಾನಪಡುತ್ತಾರೆ ಎಂದು ನಾವು ಹೆದರಿದ್ದೆವು. ಅವರಿಗೆ ಅನುಮಾನ ಬಂದದ್ದೇ ಸಂಖ್ಯೆಗಳು ಹೊಂದಿಕೊಂಡಿದ್ದರಿಂದ. ಡಿಸೈನ್ ಅಂಕದಲ್ಲಿ ನಾವು ಕೆಳಗಿನ ಸಾಲಿಗೆ ಹೋದೆವು. ಮಾರನೇ ದಿನ ಹೇರ್‌ಪಿನ್‌ನಲ್ಲಿ ಎರಡು ಕೋನ್ ಕೂಡ ಬಿದ್ದವು. ಸ್ಟೀರಿಂಗಿನಿಂದಲೇ ಬಿದ್ದವು ಎಂದು ಖಚಿತವಾಗಿ ಹೇಳಲಾರೆ, ಚಾಲಕ ಮಾತ್ರ ಇಳಿದ ಕೂಡಲೇ, ‘ಪೂರ್ತಿ ತಿರುಗಿಸಿದ್ರೂ ಒಳಗೆ ಬರಲ್ಲ ಮಗಾ’ ಅಂದ. ವಾಪಸ್ ಬರುವಾಗ ರೈಲಿನಲ್ಲಿ ಅಣ್ಣ, ‘ನಿಂಗೆ ಹಾಕು ಅಂದವನು ನಾನು’ ಎಂದು ಎಲ್ಲರೆದುರೇ ಹೇಳಿದರು. ಅದು ದೊಡ್ಡ ಮನಸ್ಸು. ಆದರೆ ಪರದೆ ಮೇಲಿನ ಆ ಸಂಖ್ಯೆ ಕಣ್ಣಿಂದ ಹೋಗಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಅರಸೀಕೆರೆಯ ಸೋದರಮಾವನ ಅಂಗಡಿಗೆ ಹೋದೆ. ಅವರದು ವೀಲ್ ಅಲೈನ್‌ಮೆಂಟ್ ಕೆಲಸ. ‘ಏನಪ್ಪಾ ರೇಸ್ ಅಳಿಮಯ್ಯ, ಕಪ್ಪು ಎಲ್ಲಿ?’ ಅಂದರು. ಕಥೆಯೆಲ್ಲ ಹೇಳಿದೆ. ಅವರಿಗೆ ಸಿಮ್ಯುಲೇಷನ್ ಗೊತ್ತಿಲ್ಲ. ಅಲ್ಲೇ ಜಾಕ್ ಮೇಲೆ ಮುಂಭಾಗ ಎತ್ತಿ ನಿಲ್ಲಿಸಿದ್ದ ಹಳೇ ಮಾರುತಿ ವ್ಯಾನ್ ತೋರಿಸಿ, ‘ತಿರುಗ್ಸು’ ಅಂದರು. ಒಂದು ಬೆರಳಲ್ಲಿ ಸ್ಟೀರಿಂಗ್ ತಿರುಗಿತು. ಗಾಡಿ ಕೆಳಗಿಳಿಸಿ, ‘ಈಗ ತಿರುಗ್ಸು’ ಅಂದರು. ಎರಡೂ ಕೈ ಹಾಕಿ ಜಗ್ಗಬೇಕಾಯಿತು. ಚಕ್ರ ಸ್ವಲ್ಪ ತಿರುಗಿದ ಮೇಲಷ್ಟೇ ಗಾಲಿ ಅಲುಗಿತು.

‘ಆ ಕೈಯ ಬಲ ಎಲ್ಲಿಗೋಯ್ತು?’ ಮಾವ ಕೇಳಿದರು. ‘ರಾಡು, ಕೀಲು, ಬುಶ್ಶು ಎಲ್ಲಾ ಚೂರು ಚೂರು ತಿಂದ್ಕೊಂಡ್ವು. ಉಳಿದಿದ್ದು ಗಾಲಿಗೆ ಬಂತು. ಅದಕ್ಕೇ ನಾವು ಅಳತೆ ತಗೊಳ್ಳೋಕೆ ಮುಂಚೆ ಗಾಡಿ ಮುಂದೆ ಹಿಂದೆ ಉರುಳಿಸಿ, ಬಂಪರ್ ಒತ್ತಿ ಅಲ್ಲಾಡ್ಸೋದು. ಗಾಡಿ ಕೂತ್ಕೋಬೇಕು. ಕೂರದ ಗಾಡಿ ಅಳತೆ ಬೇರೆ, ಕೂತ ಗಾಡಿ ಅಳತೆ ಬೇರೆ.’

ನನ್ನ ಸಸ್ಪೆನ್ಷನ್ ಸಿಮ್ಯುಲೇಷನ್ ಜಾಕ್ ಮೇಲಿನ ಗಾಡಿ. ಅಲ್ಲಿನ ಹಲಗೆ ಗಾಲಿಯನ್ನು ಮೇಲೆತ್ತುತ್ತದೆಯೇ ಹೊರತು ಪಕ್ಕಕ್ಕೆ ತಳ್ಳುವುದಿಲ್ಲ, ತಿರುಗಿದ ಗಾಲಿಯನ್ನು ನೆಟ್ಟಗೆ ಮಾಡಲು ಹೆಣಗುವುದೂ ಇಲ್ಲ. ಇಡೀ ವಾಹನದಲ್ಲಿ ಟೈರು ಸದಾ ಹೆಣಗುತ್ತಿರುತ್ತದೆ. ತಿರುವಿನಿಂದ ಆಚೆ ಬಂದ ಕಾರಿನ ಸ್ಟೀರಿಂಗ್ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಅದೇ ಆ ಹೆಣಗಾಟ. ನಾಯಕರು ಅಂದದ್ದು ತಪ್ಪಲ್ಲ, ಒಂದೇ ಕಾರು, ಒಂದೇ ಸ್ಟೀರಿಂಗ್ ನಿಜ. ಆದರೆ ಎರಡು ಕಡೆ ನಾನು ಕೇಳಿದ್ದ ಪ್ರಶ್ನೆ ಒಂದಾಗಿರಲಿಲ್ಲ.

ಇದನ್ನು ಸಾಬೀತು ಮಾಡುವ ದಾರಿ ಸಾಫ್ಟ್‌ವೇರ್‌ನಲ್ಲೇ ಇತ್ತು. ಮೊದಲೇ ಯಾಕೆ ಹೊಳೆಯಲಿಲ್ಲವೋ. ಇಡೀ ವಾಹನದ ಸಿಮ್ಯುಲೇಷನ್‌ನಿಂದ ಆ ಕ್ಷಣದ ಟೈರಿನ ಪಕ್ಕದ ಬಲ, ಹಿಂದಕ್ಕೆ ತಿರುಚುವ ಟಾರ್ಕ್, ಎರಡೂ ಗಾಲಿಗಳು ಎಷ್ಟು ಮೇಲೆ ಕೆಳಗೆ ಹೋಗಿವೆ ಎಂಬ ಅಳತೆ ತೆಗೆದುಕೊಂಡೆ. ಅವನ್ನೇ ಸಸ್ಪೆನ್ಷನ್ ಸಿಮ್ಯುಲೇಷನ್‌ನ ಹಲಗೆಗಳಿಗೆ ಕೊಟ್ಟೆ. 30.2 ತೋರಿಸುತ್ತಿದ್ದ ಅದೇ ಮಾದರಿ 28.2 ತೋರಿಸಿತು. ಎರಡೂ ಒಂದೇ ಕಾರು! ಹಾಸ್ಟೆಲ್ಲಿನಲ್ಲಿ ರಾತ್ರಿ ಒಂದು ಗಂಟೆಗೆ ನಾನು ಕೂಗಿದ್ದಕ್ಕೆ ಪಕ್ಕದ ರೂಮಿನವರು ಬಂದು ಬೈದು ಹೋದರು.

ಆಮೇಲೆ ಒಂದೊಂದನ್ನೇ ಬಿಡಿಸಿದೆ. ಬಲ ಬಿಟ್ಟು ಬರೀ ಗಾಲಿಯ ಎತ್ತರ ಮಾತ್ರ ಕೊಟ್ಟರೆ 29.8. ಅಂದರೆ ಕಾರು ಭಾರಕ್ಕೆ ಕುಗ್ಗಿದ್ದು ಮತ್ತು ತಿರುವಿನಲ್ಲಿ ವಾಲಿದ್ದು ಸೇರಿ ತಿಂದದ್ದು 0.4 ಡಿಗ್ರಿ. ಗಾಲಿ ಮೇಲೆ ಕೆಳಗೆ ಹೋದಾಗ ಟೈ ರಾಡ್ ಒಂದು ಕಂಸದಲ್ಲಿ, ಸಸ್ಪೆನ್ಷನ್ ತೋಳು ಇನ್ನೊಂದು ಕಂಸದಲ್ಲಿ ಚಲಿಸುವುದರಿಂದ ಗಾಲಿ ಕೊಂಚ ತಾನಾಗಿ ತಿರುಗಿಬಿಡುತ್ತದೆ. ಉಳಿದದ್ದು ಬಲದಿಂದ. ಯಾವ ಭಾಗ ಎಷ್ಟು ತಿನ್ನುತ್ತಿದೆ ಎಂದು ಒಂದೊಂದನ್ನೇ ಗಟ್ಟಿ ಮಾಡುತ್ತಾ ಬಂದೆ. ಸ್ಟೀರಿಂಗ್ ಕಂಬಕ್ಕೆ ಬಂದಾಗ ಎದೆ ಧಸಕ್ ಅಂದಿತು. ಅದೊಂದೇ 1.1 ಡಿಗ್ರಿ ನುಂಗುತ್ತಿತ್ತು.

ನಮ್ಮ ಕಾರಿನ ಕಂಬ ಉಕ್ಕಿನ ಕೊಳವೆ. ಅದು ಅಷ್ಟು ತಿರುಚುವುದು ಸಾಧ್ಯವೇ ಇಲ್ಲ. ಹುಡುಕಿದರೆ ವಿಷಯ ಇಷ್ಟೇ. ಸ್ಟೀರಿಂಗಿನ ಮಾದರಿಯನ್ನು ನಾನು ಸೊನ್ನೆಯಿಂದ ಕಟ್ಟಿರಲಿಲ್ಲ, ಸಿಕ್ಕಿದ್ದ ಒಂದು ಉದಾಹರಣೆ ಕಾರಿನ ಫೈಲನ್ನೇ ತೆಗೆದುಕೊಂಡು ಅಳತೆ ಬದಲಿಸಿದ್ದೆ. ಅದು ಪವರ್ ಸ್ಟೀರಿಂಗ್ ಇರುವ ಕಾರು. ಪವರ್ ಸ್ಟೀರಿಂಗಿನಲ್ಲಿ ಬೇಕೆಂದೇ ತೆಳುವಾದ ತಿರುಚು ಸರಳು ಇಟ್ಟಿರುತ್ತಾರೆ. ಚಾಲಕ ಎಷ್ಟು ಬಲ ಹಾಕುತ್ತಿದ್ದಾನೆ ಎಂದು ಆ ಸರಳು ತಿರುಚಿದ್ದರಿಂದಲೇ ಗೊತ್ತಾಗಬೇಕು, ಆಗ ಸಹಾಯ ಬರುತ್ತದೆ. ನಮ್ಮ ಕಾರಿನಲ್ಲಿ ಪವರ್ ಸ್ಟೀರಿಂಗೇ ಇಲ್ಲ. ಆ ಸರಳು ಮಾತ್ರ ಮಾದರಿಯೊಳಗೆ ಸದ್ದಿಲ್ಲದೆ ಕೂತಿತ್ತು.

ಸಸ್ಪೆನ್ಷನ್ ಸಿಮ್ಯುಲೇಷನ್‌ನಲ್ಲಿ ಇದು ಕಾಣಿಸಿರಲಿಲ್ಲ ಯಾಕೆಂದರೆ ಅಲ್ಲಿ ಬಲವೇ ಇಲ್ಲ. ಬಲ ಇಲ್ಲದಿದ್ದರೆ ಮೆತ್ತನೆಯ ಸರಳೂ ಒಂದೇ, ಕಬ್ಬಿಣದ ತೊಲೆಯೂ ಒಂದೇ. ಅಂದರೆ ನಾನು ಅಳಿಸಿಹಾಕಿದ 28.1 ಇತ್ತಲ್ಲ, ನನ್ನ ತಪ್ಪನ್ನು ತೋರಿಸಿಕೊಡಲು ಬಂದಿದ್ದ ಏಕೈಕ ಸಂಖ್ಯೆ ಅದು. ಸರಳಿನ ಜಾಗದಲ್ಲಿ ಕೊಳವೆಯ ಗಡಸುತನ ಕೊಟ್ಟ ಮೇಲೆ ಇಡೀ ವಾಹನದಲ್ಲಿ 29.2 ಬಂತು. ಒಂದು ಡಿಗ್ರಿ ವ್ಯತ್ಯಾಸ ಹಾಗೇ ಉಳಿಯಿತು. ಅದು ಉಳಿಯಬೇಕಾದ ವ್ಯತ್ಯಾಸ.

ದೊಡ್ಡ ಕಾರು ಕಂಪನಿಗಳ ಬಳಿ ಇದನ್ನು ನಿಜದ ಕಾರಿನ ಮೇಲೆಯೇ ಅಳೆಯುವ ಯಂತ್ರವಿರುತ್ತದೆ. ಕಾರಿನ ದೇಹವನ್ನು ಬಿಗಿದು, ಗಾಲಿಗಳನ್ನು ಬೇಕಾದ ಬಲದಲ್ಲಿ ತಳ್ಳಿ, ಎಷ್ಟು ಬಾಗಿತು ನೋಡುತ್ತಾರೆ. ನಮ್ಮ ಬಳಿ ಇದ್ದದ್ದು ವರ್ಕ್‌ಶಾಪಿನ ಸಿಮೆಂಟ್ ನೆಲ. ಮಾವ ಹೇಳಿಕೊಟ್ಟ ಹಾಗೆ ಗುಜರಿಯಿಂದ ನಾಲ್ಕು ತಗಡಿನ ತುಂಡು ತಂದು, ಎರಡೆರಡರ ನಡುವೆ ಧಾರಾಳವಾಗಿ ಗ್ರೀಸ್ ಬಳಿದು ಮುಂದಿನ ಗಾಲಿಗಳ ಕೆಳಗಿಟ್ಟೆವು. ಚಾಲಕನನ್ನು ಕೂರಿಸಿದೆವು. ರಿಮ್ಮಿಗೆ ನೇರ ಪಟ್ಟಿ ಕಟ್ಟಿ, ಅದರ ಎರಡು ತುದಿಯಿಂದ ತೂಕದ ದಾರ ಇಳಿಬಿಟ್ಟು, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಗೆರೆ ಎಳೆದರೆ ಕೋನ ಸಿಗುತ್ತದೆ. 110 ಡಿಗ್ರಿಗೆ 29.9. ತಗಡು ತೆಗೆದು ಬರೀ ನೆಲದ ಮೇಲೆ ಅಷ್ಟೇ ತಿರುಗಿಸಿದರೆ 29.0.

ಗ್ರೀಸ್ ಹಾಕಿದ ತಗಡು ಒಂದು ಸಿಮ್ಯುಲೇಷನ್, ಬರೀ ನೆಲ ಇನ್ನೊಂದು. ನಿಂತ ಕಾರಿನ ಟೈರು ನೆಲ ಉಜ್ಜುವ ಬಲವೂ ಓಡುವ ಕಾರಿನ ತಿರುವಿನ ಬಲವೂ ಒಂದೇ ಅಲ್ಲ. ಆದ್ದರಿಂದ 29.0 ಮತ್ತು 29.2 ಹತ್ತಿರ ಬಂದದ್ದು ಅರ್ಧ ಅದೃಷ್ಟವೇ ಇರಬಹುದು. ಸಂಖ್ಯೆ ಹೊಂದಿಕೊಂಡರೆ ಈಗ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ.

ಈ ವರ್ಷ ಸ್ಟೀರಿಂಗ್ ಆರ್ಮನ್ನು ಸ್ವಲ್ಪ ಗಿಡ್ಡ ಮಾಡಿ, ಜಾಕ್ ಮೇಲಿನ ಲೆಕ್ಕದಲ್ಲಿ 31.5 ಬರುವ ಹಾಗೆ ಇಟ್ಟಿದ್ದೇವೆ, ನೆಲದ ಮೇಲೆ ಮೂವತ್ತು ಉಳಿಯಲಿ ಎಂದು. ಸ್ಟೀರಿಂಗ್ ತುಸು ಭಾರವಾಗಿದೆ, ಚಾಲಕ ಗೊಣಗುತ್ತಿದ್ದಾನೆ. ಸ್ಲೈಡಿನಲ್ಲಿ ಈಗ ನಾಲ್ಕು ಸಂಖ್ಯೆಗಳಿವೆ, ಒಂದೂ ಇನ್ನೊಂದಕ್ಕೆ ಸಮ ಇಲ್ಲ. ಹೊರಗಿನ ಗಾಲಿಯಲ್ಲಂತೂ ಸಿಮ್ಯುಲೇಷನ್ನಿಗೂ ನೆಲದ ಅಳತೆಗೂ 0.6 ಡಿಗ್ರಿ ವ್ಯತ್ಯಾಸ ಇನ್ನೂ ಇದೆ, ಕಾರಣ ಸಿಕ್ಕಿಲ್ಲ. ರ‍್ಯಾಕ್ ಕೂರಿಸಿದ ಪಟ್ಟಿಯ ಮೇಲೆ ನನ್ನ ಗುಮಾನಿ. ಶನಿವಾರ ಅದಕ್ಕೊಂದು ಡಯಲ್ ಗೇಜ್ ಕಟ್ಟಿ ನೋಡಬೇಕು. ಗ್ರೀಸ್ ಡಬ್ಬಿಯೂ ಖಾಲಿಯಾಗಿದೆ, ತರಬೇಕು.